ಸೊಂಟಕ್ಕೆ ಕಟ್ಟೋ ಮೈಕು: 9ನೇ ಬಿ ಸೆಕ್ಷನ್ ಜೊತೆ ನಾಲ್ಕು ತಿಂಗಳು

ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಗ್ಯಾಜೆಟ್ ಬಗ್ಗೆ ಏನೂ ಗೊತ್ತಿಲ್ಲ. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡೋ ಮೇಡಂ ನಾನು, ಹತ್ತೊಂಬತ್ತು ವರ್ಷ ಸರ್ವೀಸು, ಸೀರೆ ಮೇಲೆ ಬೆಲ್ಟ್ ಬಿಗಿದು ಸ್ಪೀಕರ್ ನೇತಾಕ್ಕೊಂಡು ಪಾಠ ಮಾಡೋ ದಿನ ಬರುತ್ತೆ ಅಂತ ಕನಸಲ್ಲೂ ಅನ್ಕೊಂಡಿರ್ಲಿಲ್ಲ. ಆದ್ರೆ ಆಗಸ್ಟಲ್ಲಿ ತಗೊಂಡೆ, ಈಗ ಡಿಸೆಂಬರ್. ನಮ್ಮ ಟೀಚರ್ ಫ್ರೆಂಡ್ಸ್ ಎಲ್ಲಾ "ಹೇಗಿದೆ ಮೇಡಂ, ತಗೋಬೋದಾ, ಕ್ಲಾಸ್ ಕಂಟ್ರೋಲ್‌ಗೆ ಬರುತ್ತಾ" ಅಂತ ಒಬ್ಬೊಬ್ರೇ ಕೇಳಿ ಕೇಳಿ ಸಾಕಾಗಿ ಇಲ್ಲೇ ಒಂದ್ಸಲ ಪೂರ್ತಿ ಬರೆದು ಹಾಕ್ತಿದೀನಿ. ಕಂಪನಿ ಹೆಸರು ಹಾಕಲ್ಲ, ಆನ್‌ಲೈನಲ್ಲಿ ಹುಡುಕಿದ್ರೆ ಒಂದೇ ತರದ್ದು ಇಪ್ಪತ್ತು ಹೆಸರಲ್ಲಿ ಸಿಗುತ್ತೆ, ಒಳಗಿನ ಮಾಲು ಹೆಚ್ಚೂಕಮ್ಮಿ ಒಂದೇ ಅನ್ಸುತ್ತೆ.

ಯಾಕೆ ತಗೊಂಡೆ ಅಂದ್ರೆ ಗಂಟಲು. ಮೂರನೇ ಪೀರಿಯಡ್ ಅಷ್ಟೊತ್ತಿಗೆ ನನ್ನ ದನಿ ಹರಿದ ತಮಟೆ ತರ ಆಗೋದು, ಶನಿವಾರ ಬಂದ್ರೆ ಮನೇಲಿ ಫೋನಲ್ಲಿ ಮಾತಾಡೋಕೂ ಆಗ್ತಿರ್ಲಿಲ್ಲ, ನಮ್ಮ ಅತ್ತೆ "ಮಕ್ಕಳ ಹತ್ರ ಎಲ್ಲಾ ಖರ್ಚು ಮಾಡ್ಕೊಂಡು ಬರ್ತೀಯ" ಅನ್ನೋರು. ತುಮಕೂರಲ್ಲಿ ಇಎನ್‌ಟಿ ಡಾಕ್ಟ್ರ ಹತ್ರ ಹೋದ್ರೆ ಗಂಟಲಿಗೆ ಕ್ಯಾಮೆರಾ ಬಿಟ್ಟು ನೋಡಿ ಸ್ವರತಂತು ಮೇಲೆ ಸಣ್ಣ ಗಂಟು ಆಗಿದೆ, ನಾಡ್ಯೂಲ್ ಅಂತಾರೆ, ಟೀಚರ್‌ಗಳಿಗೆ ಹಾಡೋರಿಗೆ ಇದು ಜಾಸ್ತಿ, ನೀರು ಕುಡೀರಿ, ಪದೇಪದೇ ಕೆಮ್ಮಿ ಗಂಟಲು ಸರಿ ಮಾಡ್ಕೋಬೇಡಿ, ಪಿಸುಗುಟ್ಟೋದೂ ಬೇಡ ಅದೂ ಶ್ರಮವೇ, ಮತ್ತೆ ಕಿರುಚ್ಬೇಡಿ ಅಂದ್ರು. ಕಿರುಚ್ಬೇಡಿ ಅಂದಾಗ ನಂಗೆ ನಗು ಬಂದ್ಬಿಡ್ತು. ಡಾಕ್ಟ್ರೇ, ನಲವತ್ತು ಮಕ್ಕಳಿಗೆ ಅಂತ ಕಟ್ಟಿದ ರೂಮಲ್ಲಿ ಐವತ್ತೆಂಟು ಜನ ಇದಾರೆ, ಮೇಲೆ ಶೀಟು, ಮಳೆ ಬಂದ್ರೆ ನನ್ನ ಮಾತು ನಂಗೇ ಕೇಳಲ್ಲ, ಅದರ ಮೇಲೆ 9ನೇ ಬಿ, ನೀವೇ ಒಂದಿನ ಬಂದು ಕಿರುಚದೆ ಪಾಠ ಮಾಡಿ ತೋರ್ಸಿ ಅಂದೆ.

ಅವರು ಆಗ ಒಂದು ಮಾತು ಹೇಳಿದ್ರು, ನಂಗೆ ಅದು ಹೊಸದು. ಸುತ್ತ ಗಲಾಟೆ ಜಾಸ್ತಿ ಆದ ಹಾಗೆ ಮನುಷ್ಯ ತನಗೇ ಗೊತ್ತಿಲ್ದಂಗೆ ದನಿ ಏರಿಸ್ತಾನಂತೆ, ಲೊಂಬಾರ್ಡ್ ಅಂತ ಫ್ರಾನ್ಸಿನ ಒಬ್ಬ ಇಎನ್‌ಟಿ ಡಾಕ್ಟ್ರು 1911ರಲ್ಲೇ ಇದನ್ನ ಬರೆದಿದಾರಂತೆ. ಅಂದ್ರೆ ನಾನು ಜೋರು ಮಾಡಿದ್ರೆ ಮಕ್ಕಳು ಪಕ್ಕದವನ ಹತ್ರ ಮಾತಾಡೋಕೆ ಇನ್ನೂ ಜೋರು ಮಾಡ್ತಾರೆ, ಅದನ್ನ ಮೀರೋಕೆ ನಾನು ಮತ್ತೆ ಜೋರು. ಜಾತ್ರೇಲಿ ಎರಡು ಅಂಗಡಿ ಮೈಕ್ ಒಂದರ ಮೇಲೊಂದು ಏರ್ಸಿದಂಗೆ. ಇದು ತಲೇಲಿ ಇಟ್ಕೊಳ್ಳಿ, ಯಾಕಂದ್ರೆ ಮೈಕ್ ತಂದ ಮೊದಲ ದಿನ ನಾನೇ ಇದನ್ನ ಮರೆತೆ.

ಸಾಮಾನಿನ ವಿಷಯ. 1,650 ರೂಪಾಯಿ ಕೊಟ್ಟೆ. ಊಟದ ಡಬ್ಬಿ ಸೈಜಿನ ಸ್ಪೀಕರ್, ಸೊಂಟಕ್ಕೆ ಬೆಲ್ಟು, ತಲೆಗೆ ಹಾಕೋ ವೈರಿನ ಮೈಕು, ಚಾರ್ಜಿಂಗ್ ವೈರು. ಎಫ್‌ಎಂ ಬರುತ್ತೆ, ಪೆನ್‌ಡ್ರೈವ್ ಹಾಕ್ಬೋದು, ಬ್ಲೂಟೂತ್ ಇದೆ, ಇದೆಲ್ಲಾ ಯಾರಿಗೆ ಬೇಕೋ ಗೊತ್ತಿಲ್ಲ, ಒಂದಿನ ಯಾವುದೋ ಬಟನ್ ತಾಗಿ ಎಫ್‌ಎಂ ಆನ್ ಆಗಿ ಪಾಠದ ಮಧ್ಯ ಚಿನ್ನದ ಅಂಗಡಿ ಜಾಹೀರಾತು ಬಂತು, ಆ ಪೀರಿಯಡ್ ಅಲ್ಲಿಗೇ ಮುಗೀತು. ವೈರಲ್ಲಿ ಎದೆ ಹತ್ರ ಬರೋ ಹಾಗೆ ಒಂದು ಪುಟ್ಟ ಸ್ವಿಚ್ಚು ಇದೆ, ಮೈಕ್ ಆನ್ ಆಫ್‌ಗೆ. ಬಾಕ್ಸ್ ಮೇಲೆ ಹತ್ತು ಫೀಚರ್ ದೊಡ್ಡದಾಗಿ ಪ್ರಿಂಟ್ ಮಾಡಿದಾರೆ, ಇದೊಂದನ್ನ ಎಲ್ಲೂ ಹಾಕಿಲ್ಲ. ನನ್ನ ಪ್ರಕಾರ ಕೊಟ್ಟ ದುಡ್ಡೆಲ್ಲಾ ಆ ಸ್ವಿಚ್ಚಿಗೇ ಹೋಗಿದೆ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲ ದಿನ. ಬೆಲ್ಟ್ ಕಟ್ಕೊಂಡು ಒಳಗೆ ಹೋದ ತಕ್ಷಣ ಹುಡುಗೀರ ಸೈಡಿಂದ ಕಿಸಿಕಿಸಿ, ಹುಡುಗರ ಸೈಡಿಂದ ಯಾರೋ "ಟಿಕೆಟ್, ಟಿಕೆಟ್" ಅಂದ. ಕಂಡಕ್ಟರ್ ತರಾನೇ ಕಾಣ್ತಿದ್ದೆ, ಸುಳ್ಳಲ್ಲ. ನಾನು ವಾಲ್ಯೂಮ್ ಪೂರ್ತಿ ತಿರುಗ್ಸಿ "ಸೈಲೆನ್ಸ್" ಅಂದೆ, ಸ್ಪೀಕರ್ ಕುಂಯ್ಯ್ ಅಂತ ಕಿರುಚ್ತು, ಇಡೀ ಕ್ಲಾಸು ಕಿವಿ ಮುಚ್ಕೊಂಡು ನಗ್ತಾ ಇದೆ. ಅಷ್ಟರಲ್ಲಿ ಕೊನೆ ಬೆಂಚಿಂದ, ಗಾಡೀಲಿ ತರಕಾರಿ ಮಾರೋರು ರೆಕಾರ್ಡ್ ಹಾಕ್ಕೊಂಡು ಬರ್ತಾರಲ್ಲ ಅದೇ ರಾಗದಲ್ಲಿ "ಈರುಳ್ಳಿ ನೂರಕ್ಕೆ ನಾಲ್ಕ್ ಕೆಜಿ" ಅಂತ ಒಂದು ದನಿ.

ಆ ದನಿ ಯಾರದು ಅಂತ ನಂಗೆ ಗೊತ್ತು. ಅವನನ್ನ ಇಲ್ಲಿ ಸಾಹೇಬ ಅಂತ ಕರೀತೀನಿ, ಸ್ಟಾಫ್‌ರೂಮಲ್ಲೂ ಹಾಗೇ ಕರೀತೀವಿ. ಅಪ್ಪನದು ಎರಡು ಜೆಸಿಬಿ ಒಂದು ಟಿಪ್ಪರ್ ಓಡುತ್ತೆ, ಹುಡುಗ ದಡ್ಡ ಅಲ್ಲ, ಹೊಟ್ಟೆಗಿಲ್ಲದ ಮನೆಯವನೂ ಅಲ್ಲ, ಬರೀ ಧಿಮಾಕು. ಜುಲೈಲಿ ಒಂದಿನ ನಂಗೇ ಹೇಳಿದ್ದ, "ಓದಿ ಏನಾಗ್ಬೇಕು ಮೇಡಂ, ನಮ್ಮ ಜೆಸಿಬಿ ಡ್ರೈವರ್‌ಗೂ ನಿಮ್ಮಷ್ಟೇ ಸಂಬಳ." ಇಂಥವನು.

ನಾನು ಮೈಕಲ್ಲೇ, ಫುಲ್ ವಾಲ್ಯೂಮಲ್ಲಿ, "ಯಾರೋ ಅದು, ಎದ್ದು ನಿಂತ್ಕೊಳೋ" ಅಂದೆ. ನಿಂತ್ಕೊಂಡ. "ನಾನಲ್ಲ ಮೇಡಂ." "ಸುಳ್ಳು ಬೇರೆ ಹೇಳ್ತೀಯಾ." "ಪ್ರೂಫ್ ಇದ್ಯಾ ಮೇಡಂ?" ಕ್ಲಾಸಿಂದ ಒಂದು ಉದ್ದ "ಓಓ." ನಂಗೆ ಕಿವಿ ಬಿಸಿ ಆಯ್ತು, "ಆಚೆ ಹೋಗು" ಅಂದೆ, "ಯಾಕೆ ಹೋಗ್ಲಿ" ಅಂದ, ನಾನೊಂದು ಅಂದೆ ಅವನೊಂದು ಅಂದ, ಪಕ್ಕದ ಹತ್ತನೇ ಎ ಸೆಕ್ಷನ್ನಿಂದ ಮ್ಯಾಥ್ಸ್ ಸರ್ ಓಡಿ ಬಂದ್ರು, ಏನೋ ಹೊಡೆದಾಟ ಆಗ್ತಿದೆ ಅನ್ಕೊಂಡು. ನಲವತ್ತು ನಿಮಿಷದ ಪೀರಿಯಡಲ್ಲಿ ಹನ್ನೆರಡು ನಿಮಿಷ ಅಲ್ಲೇ ಹೋಯ್ತು. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಆರನೇ ಕ್ಲಾಸಿನ ಪುಟಾಣಿಗಳು ಕೂಡ ಕೈ ತೊಳ್ಕೊಳ್ತಾ "ಪ್ರೂಫ್ ಇದ್ಯಾ ಮೇಡಂ" ಅಂತ ಆಡ್ಕೋತಿದ್ವು. ದುಡ್ಡು ಕೊಟ್ಟು ನನ್ನ ಜಗಳಾನ ನಾನೇ ಊರಿಗೆಲ್ಲಾ ಡಂಗುರ ಹೊಡೆಸ್ಕೊಂಡಂಗೆ ಆಯ್ತು. ಮೊದಲ ವಾರ ಯಾರಾದ್ರೂ ರೇಟಿಂಗ್ ಕೇಳಿದ್ರೆ ಒಂದು ಸ್ಟಾರ್ ಕೊಡ್ತಿದ್ದೆ.

ರಿಟರ್ನ್ ಮಾಡೋಕೆ ಏಳು ದಿನ ಟೈಮ್ ಇತ್ತು, ಐದನೇ ದಿನ ಬಾಕ್ಸಿಗೆ ವಾಪಸ್ ಹಾಕೂ ಇಟ್ಟಿದ್ದೆ. ಆವತ್ತು ರಾತ್ರಿ ಅಟ್ಟದ ಮೇಲಿಂದ ಬಿ.ಎಡ್ ನೋಟ್ಸ್ ಇಳ್ಸಿ ನೋಡ್ದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದ ಒಂದು ಹೆಸರು, ಕೌನಿನ್. ಅಮೆರಿಕದವರು, 1970ರಲ್ಲಿ ಪುಸ್ತಕ ಬಂತು, ಕ್ಲಾಸ್‌ರೂಮಿಗೆ ವಿಡಿಯೋ ಕ್ಯಾಮೆರಾ ಇಟ್ಟು ಒಳ್ಳೆ ಕ್ಲಾಸ್ ನಡ್ಸೋ ಟೀಚರ್‌ಗೂ ಕ್ಲಾಸ್ ಕೈ ತಪ್ಪೋ ಟೀಚರ್‌ಗೂ ಏನು ವ್ಯತ್ಯಾಸ ಅಂತ ನೋಡಿದ್ರು. ಮಗು ತಪ್ಪು ಮಾಡಿದ ಮೇಲೆ ಬೈಯೋದು, ಶಿಕ್ಷೆ ಕೊಡೋದು, ಅದರಲ್ಲಿ ಇಬ್ಬರ ಮಧ್ಯೆ ಹೇಳ್ಕೊಳ್ಳೋ ಅಂಥ ವ್ಯತ್ಯಾಸಾನೇ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಅದಕ್ಕೂ ಮುಂಚೆ, ಬೆನ್ನಲ್ಲೂ ಕಣ್ಣಿರೋ ಟೀಚರ್, ಎಲ್ಲಿ ಏನು ನಡೀತಿದೆ ಅಂತ ಗೊತ್ತಿದೆ ಅನ್ನೋದನ್ನ ಮಕ್ಕಳಿಗೆ ಗೊತ್ತು ಮಾಡಿಸೋ ಟೀಚರ್, ಅವರ ಕ್ಲಾಸಲ್ಲಿ ಗಲಾಟೆ ಶುರು ಆಗೋದೇ ಕಮ್ಮಿ. ಇನ್ನೊಂದು, ಒಬ್ಬನಿಗೆ ಬೈದ್ರೆ ಅದರ ಅಲೆ ನೋಡ್ತಾ ಕೂತಿರೋ ಎಲ್ಲರಿಗೂ ತಾಗುತ್ತೆ. ನಂಗೆ ಆಗ ಹೊಳೀತು, ನಾನು ಜಗಳ ಆಡಿದ್ದು ಒಬ್ಬನ ಜೊತೆ, ನೋಡೋಕೆ ಕೂತಿದ್ದು ಐವತ್ತೇಳು ಜನ, ಹದಿನಾಲ್ಕು ವರ್ಷದ ಹುಡುಗ ಐವತ್ತೇಳು ಜನರ ಮುಂದೆ ಸೋಲ್ತಾನಾ? ಸತ್ರೂ ಸೋಲಲ್ಲ. ನಾನೂ ಸೋಲಲ್ಲ ಅಂತ ಕೂತಿದ್ದೆ, ನಲವತ್ತಾರು ವರ್ಷದವಳು.

ಬಾಕ್ಸಿಂದ ಮತ್ತೆ ಹೊರಗೆ ತೆಗೆದೆ.

ಕುಂಯ್ ಅನ್ನೋ ಶಬ್ದದ್ದು ಮೊದ್ಲು ಹೇಳ್ತೀನಿ, ತುಂಬಾ ಜನ ಇದಕ್ಕೇ ಬೇಜಾರಾಗಿ ಬಿಸಾಕ್ತಾರೆ. ಸ್ಪೀಕರಿಂದ ಬಂದ ಶಬ್ದ ಮತ್ತೆ ಮೈಕೊಳಗೆ ಹೋಗಿ, ದೊಡ್ಡದಾಗಿ ಮತ್ತೆ ಸ್ಪೀಕರಿಗೆ ಬಂದು, ಹಿಂಗೇ ಸುತ್ತಿ ಸುತ್ತಿ ಕಿರುಚುತ್ತೆ. ವಾಲ್ಯೂಮ್ ಅರ್ಧಕ್ಕಿಂತ ಸ್ವಲ್ಪ ಮೇಲೆ ಇಡಿ ಸಾಕು, ಮೈಕ್ ತುದಿ ಬಾಯಿ ಎದುರಿಗಲ್ಲ, ಬಾಯಿ ಮೂಲೆಗೆ ಎರಡು ಬೆರಳು ದೂರ, ಸ್ಪೀಕರ್ ಮುಖ ಹೊರಗಡೆಗೆ, ಬಗ್ಗಿ ಪುಸ್ತಕ ನೋಡುವಾಗ ಮೈಕು ಸ್ಪೀಕರ್ ಹತ್ರ ಬರದಂಗೆ ನೋಡ್ಕೊಳ್ಳಿ, ಗೋಡೆ ಮೂಲೇಲಿ ನಿಂತು ಮಾತಾಡ್ಬೇಡಿ. ಸೀರೆ ಉಡೋರು ಸೆರಗಿಗೆ ಪಿನ್ ಹಾಕಿ, ಇಲ್ದಿದ್ರೆ ಮೈಕಿನ ವೈರಿಗೆ ಸೆರಗು, ತಾಳಿ ಸರ ಉಜ್ಜಿ ಕರಕರ ಅಂತಾನೇ ಇರುತ್ತೆ. ಪಿಇ ಸರ್ ಇದನ್ನ ಹೆಗಲಿಗೆ ಹಾಕ್ಕೊಳ್ತಾರೆ, ಅವರಿಗೆ ಪ್ರೇಯರ್‌ಗೂ ಆಗುತ್ತೆ.

ಇನ್ನು ಕ್ಲಾಸಿನ ವಿಷಯ. ನಾನು ಮೈಕ್ ತಗೊಂಡಿದ್ದು ದನಿ ದೊಡ್ಡದು ಮಾಡೋಕೆ, ಆದ್ರೆ ಉಪಯೋಗಕ್ಕೆ ಬಂದಿದ್ದು ಜಾಗ ಬದಲಾಯ್ಸೋಕೆ. ಮೊದ್ಲು ನಾನು ಬೋರ್ಡ್ ಹತ್ರಾನೇ ನಿಲ್ಲಬೇಕಿತ್ತು, ಹಿಂದೆ ಹೋದ್ರೆ ಮುಂದಿನವರಿಗೆ ಕೇಳಲ್ಲ, ಮುಂದೆ ನಿಂತ್ರೆ ಕೊನೆ ಬೆಂಚು ಸ್ವತಂತ್ರ ರಾಷ್ಟ್ರ. ದೂರ ಎರಡು ಪಟ್ಟು ಆದ್ರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತೆ, ಅದು ಬಯಲಲ್ಲಿ, ಗೋಡೆ ಇದ್ರೆ ಅಷ್ಟು ಇಳಿಯಲ್ಲ ಅಂತ ವಿಜ್ಞಾನ ಮೇಡಂ ಹೇಳಿದ್ರು, ಅದೇನೇ ಇರ್ಲಿ ನಂ ಕ್ಲಾಸಲ್ಲಂತೂ ಕೊನೆಗೆ ಹೋಗೋ ಅಷ್ಟರಲ್ಲಿ ನನ್ನ ಪಾಠ ಪಾತಾಳಕ್ಕೆ ಇಳಿದಿರ್ತಿತ್ತು. ಈಗ ನಾನು ಕೊನೆ ಬೆಂಚಿನ ಹಿಂದೆ ಗೋಡೆಗೆ ಒರಗಿ ನಿಂತು ಕರ್ನಾಟಕದ ನಕಾಶೆ ಪಾಠ ಮಾಡ್ತೀನಿ. ಮಲೆನಾಡು ಎಲ್ಲಿಂದ ಎಲ್ಲಿಗೆ, ಬಯಲುಸೀಮೆ ಯಾವುದು, ಬೋರ್ಡ್ ಹತ್ರ ಒಬ್ಬ ಹುಡುಗಿ ನಿಂತು ಕೋಲಲ್ಲಿ ತೋರಿಸ್ತಾಳೆ, ನಾನು ಹಿಂದಿಂದ ಹೇಳ್ತೀನಿ. ಹಿಂದೆ ಯಾರು ಮೇಜಿನ ಕೆಳಗೆ ಏನು ಮಾಡ್ತಿದಾರೆ ಅಂತ ನಂಗೆ ಕಾಣುತ್ತೆ, ಆದ್ರೆ ನಾನು ಎತ್ತ ನೋಡ್ತಿದೀನಿ ಅಂತ ಅವರಿಗೆ ಕಾಣಲ್ಲ. ಬೆನ್ನಲ್ಲಿ ಕಣ್ಣು ಅಂದ್ರೆ ಇದೇನೋ. ಒಂದೇ ವಾರದಲ್ಲಿ ಗಲಾಟೆ ಅರ್ಧಕ್ಕೆ ಇಳೀತು, ನಾನು ಯಾರಿಗೂ ಬೈದೇ ಇರ್ಲಿಲ್ಲ.

ಇನ್ನೊಂದು ಗೊತ್ತಾಗಿದ್ದು, ಮೈಕಲ್ಲಿ ಮೌನ ಕೂಡ ಜೋರಾಗಿ ಕೇಳುತ್ತೆ. ಮಾತಾಡ್ತಾ ಮಾತಾಡ್ತಾ ನಿಲ್ಸಿಬಿಟ್ರೆ ಫ್ಯಾನ್ ನಿಂತಾಗ ತಲೆ ಎತ್ತಿ ನೋಡ್ತೀವಲ್ಲ ಹಂಗೆ ಎಲ್ರೂ ತಲೆ ಎತ್ತಿ ನೋಡ್ತಾರೆ. ಪ್ರಶ್ನೆ ಕೇಳಿ ಸುಮ್ನೆ ಕಾಯೋದನ್ನ ಇದರಿಂದಾನೇ ಕಲಿತೆ. ಮೇರಿ ಬಡ್ ರೋ ಅಂತ ಒಬ್ಬರು 1970ರ ದಶಕದಲ್ಲಿ ಲೆಕ್ಕ ಹಾಕಿದ್ರು, ಟೀಚರ್‌ಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡೂ ಕಾಯಲ್ಲ, ಮೂರು ಸೆಕೆಂಡ್ ಕಾದ್ರೆ ಉತ್ತರ ಉದ್ದ ಆಗುತ್ತೆ, ಸುಮ್ನೆ ಕೂರೋ ಮಕ್ಕಳೂ ಬಾಯಿ ಬಿಡ್ತಾರೆ. ಮೂರು ಸೆಕೆಂಡ್ ಏನು ಮಹಾ ಅಂತ ಅನ್ಸುತ್ತೆ, 9ನೇ ಬಿ ಮುಂದೆ ನಿಂತು ಕಾದು ನೋಡಿ, ಯುಗ ಕಳೆದಂಗೆ ಆಗುತ್ತೆ.

ಮತ್ತೆ ಇದು ನಾನು ನಿರೀಕ್ಷೆ ಮಾಡದೇ ಇದ್ದಿದ್ದು. ಮೂರನೇ ಬೆಂಚಲ್ಲಿ ಒಬ್ಬಳು ಯಾವಾಗ್ಲೂ ಪಕ್ಕದವಳ ಹತ್ರ ಮಾತಾಡ್ತಾನೇ ಇರೋಳು, ವಾಚಾಳಿ ಅಂತ ಹೆಸರು ಇಟ್ಟಿದ್ವಿ, ಎರಡು ಸಲ ಎಬ್ಬಿಸಿ ನಿಲ್ಸಿದ್ದೆ. ಮೈಕ್ ಬಂದ ಮೇಲೆ ಸುಮ್ನಾಗ್ಬಿಟ್ಲು. ಕರೆದು ಕೇಳ್ದೆ, "ಈಗ ಕೇಳುತ್ತೆ ಮೇಡಂ, ಮೊದ್ಲು ಏನಂದ್ರು ಏನಂದ್ರು ಅಂತ ಇವಳನ್ನೇ ಕೇಳ್ಬೇಕಿತ್ತು" ಅಂದ್ಲು. ಆರ್‌ಬಿಎಸ್‌ಕೆ ಡಾಕ್ಟ್ರ ಟೀಮ್ ಸ್ಕೂಲಿಗೆ ಬರ್ತಾರಲ್ಲ ಮಕ್ಕಳನ್ನ ಚೆಕ್ ಮಾಡೋಕೆ, ಅವರಿಗೆ ತೋರಿಸಿ ಜಿಲ್ಲಾ ಆಸ್ಪತ್ರೆಗೆ ಬರ್ಸಿ ಕಳಿಸಿದ್ವಿ, ಒಂದು ಕಿವಿ ಮಂದ ಇತ್ತು. ಆ ಎರಡು ಸಲ ನಿಲ್ಸಿದ್ದು ಈಗಲೂ ನೆನಪಾಗುತ್ತೆ. ಸಾಹೇಬನ ಜೊತೆ ಆಡಿದ ಜಗಳ ಅಷ್ಟು ನೆನಪಾಗಲ್ಲ.

ಈಗ ಆ ಸ್ವಿಚ್ಚು.

ಸೆಪ್ಟೆಂಬರಲ್ಲಿ ಒಂದಿನ ಬಿಸಿಯೂಟ ಆದ ಮೇಲಿನ ಪೀರಿಯಡ್, ಗೊತ್ತಲ್ಲ ಹೆಂಗಿರುತ್ತೆ, ಅರ್ಧ ಕ್ಲಾಸಿಗೆ ನಿದ್ದೆ ಅರ್ಧ ಕ್ಲಾಸಿಗೆ ಹುರುಪು. ಸಾಹೇಬ ಮುಂದಿನ ಬೆಂಚಿನ ಮೇಲೆ ಎರಡೂ ಕಾಲು ಚಾಚ್ಕೊಂಡು ಸ್ಕೇಲಲ್ಲಿ ಡೋಲು ಬಾರಿಸ್ತಿದ್ದ. ಮೊದ್ಲಾಗಿದ್ರೆ ಅಲ್ಲಿಂದಲೇ ಕೂಗ್ತಿದ್ದೆ. ಕಾವೇರಿ ತಲಕಾವೇರೀಲಿ ಹುಟ್ಟಿ ಅಂತ ಹೇಳ್ತಾ ಹೇಳ್ತಾ ನಿಧಾನಕ್ಕೆ ನಡ್ಕೊಂಡು ಹೋದೆ, ಹೇಮಾವತಿ ಬಂದು ಸೇರ್ತು, ಕೆಆರ್‌ಎಸ್ ಹತ್ರ ಬಂತು, ನಾನು ಅವನ ಬೆಂಚಿನ ಹತ್ರ ಬಂದೆ. ಸ್ವಿಚ್ ಆಫ್ ಮಾಡಿ ಬಗ್ಗಿ ಬರೀ ಇಷ್ಟೇ ಅಂದೆ, "ಕಾಲು ಇಳ್ಸಪ್ಪ, ನಕಾಶೆ ತೆಗಿ." ಅಂದು ಅವನ ಮುಖಾನೂ ನೋಡದೆ ತಿರುಗಿ ಹೊರಟೆ, ಸ್ವಿಚ್ ಆನ್, ಕಾವೇರಿ ಶ್ರೀರಂಗಪಟ್ಟಣ ದಾಟ್ತು. ಹಿಂದೆ ಏನೋ ಗೊಣಗಿದ, ಕೇಳಿಸ್ಕೊಳ್ಳಲಿಲ್ಲ. ಅರ್ಧ ನಿಮಿಷ ಬಿಟ್ಟು ಓರೆಗಣ್ಣಲ್ಲಿ ನೋಡಿದ್ರೆ ಕಾಲು ಕೆಳಗಿತ್ತು. ನಕಾಶೆ ತೆಗೆದಿರ್ಲಿಲ್ಲ, ಇರ್ಲಿ.

ಹೇಳಿ ತಿರುಗಿ ಹೋಗೋದು ನಾನು ಕಂಡುಹಿಡಿದದ್ದಲ್ಲ, ಬಿಲ್ ರೋಜರ್ಸ್ ಅಂತ ಆಸ್ಟ್ರೇಲಿಯಾದ ಒಬ್ಬ ಮೇಷ್ಟ್ರು ಇದನ್ನೇ ಟೀಚರ್‌ಗಳಿಗೆ ಹೇಳ್ಕೊಡ್ತಾರೆ, ಹೇಳಿದ್ದನ್ನ ಮಾಡೋಕೆ ಮಗುಗೆ ಸ್ವಲ್ಪ ಟೈಮ್ ಕೊಡಿ, ಎದುರಿಗೇ ನಿಂತು ದುರುಗುಟ್ಟಿ ನೋಡ್ಬೇಡಿ ಅಂತ. ನಾವು ಮಾಡೋದು ಏನು, ಸೊಂಟದ ಮೇಲೆ ಕೈ ಇಟ್ಕೊಂಡು "ಈಗ ಇಳ್ಸು, ನಾನು ನೋಡ್ತಾ ಇರ್ತೀನಿ" ಅಂತ ನಿಂತ್ಬಿಡ್ತೀವಿ, ಅವನು ಇಳ್ಸಿದ್ರೆ ಎಲ್ರ ಮುಂದೆ ಮಾನ ಹೋಯ್ತು, ಇಳ್ಸದಿದ್ರೆ ನಮ್ಮ ಮಾನ ಹೋಯ್ತು. ನಾನು ತಿರುಗಿ ಹೋದ್ರೆ ಅವನು ತಾನೇ ಇಷ್ಟ ಬಂದು ಇಳ್ಸಿದಂಗೆ ಇಳಿಸ್ಬೋದು. ಮೈಕಿನ ಮ್ಯಾಜಿಕ್ ಇಲ್ಲೇ ಇರೋದು, ಆನ್ ಇದ್ದಾಗ ಐವತ್ತೆಂಟು ಜನಕ್ಕೆ, ಆಫ್ ಆದಾಗ ಒಬ್ಬನಿಗೆ. ದನಿ ಇಳಿಸೋದು ಮೊದ್ಲು ನನ್ನ ಕೈಲಿ ಆಗ್ತಿರ್ಲಿಲ್ಲ, ಕಿರುಚೋ ಮೂಡಿಂದ ಒಮ್ಮೆಲೇ ಮೆತ್ತಗೆ ಮಾತಾಡೋಕೆ ಬರಲ್ಲ ಮನುಷ್ಯಂಗೆ, ಈಗ ಪಾಠಾನೇ ಮೆತ್ತಗೆ ಮಾಡ್ತೀನಲ್ಲ ಹಾಗಾಗಿ ಸಲೀಸು.

ಎಲ್ಲಾ ಸಲ ಕೆಲಸ ಮಾಡುತ್ತೆ ಅಂತ ಅಲ್ಲ. ಒಂದಿನ ಹಿಂಗೇ ಬಗ್ಗಿ ಹೇಳಿದ್ರೆ ಅವನು ಇಡೀ ಕ್ಲಾಸಿಗೆ ಕೇಳೋ ಹಾಗೆ "ಏನ್ ಮೇಡಂ ಕಿವೀಲಿ ಗುಟ್ಟು ಹೇಳ್ತೀರಾ" ಅಂದ. ನಾನು "ಹೂಂ ಗುಟ್ಟೇ, ಮಿಕ್ಕಿದ್ದು ಬೆಲ್ ಹೊಡೆದ ಮೇಲೆ" ಅಂದು ಪಾಠಕ್ಕೆ ಹೋದೆ. ಬೆಲ್ ಆದ ಮೇಲೆ ಕಾರಿಡಾರಲ್ಲಿ ಐದು ನಿಮಿಷ ಮಾತಾಡಿದ್ವಿ, ಅದರಲ್ಲಿ ಮೂರು ನಿಮಿಷ ಅವನು ಜೆಸಿಬಿ ಗಂಟೆ ಬಾಡಿಗೆ, ಡೀಸೆಲ್ ಲೆಕ್ಕ ಹೇಳಿದ. ಡ್ರೈವರ್ ಸಂಬಳದ ಮಾತು ಮತ್ತೆ ತೆಗೆದ. ನಿಜ ಇರ್ಬೋದಪ್ಪ, ನಂಗಿಂತ ಜಾಸ್ತೀನೂ ಇರ್ಬೋದು ಅಂದೆ. ಅವನಿಗೆ ಮುಂದೆ ಏನು ಹೇಳ್ಬೇಕೋ ಗೊತ್ತಾಗಲಿಲ್ಲ. ವಾದ ಮಾಡ್ತೀನಿ ಅಂತ ರೆಡಿ ಆಗಿ ಬಂದೋನಿಗೆ ಎದುರಾಳಿನೇ ಇಲ್ದಂಗೆ ಆಗಿತ್ತು.

ಜವಾಬ್ದಾರಿ ಕೊಡಿ ಸರಿ ಹೋಗ್ತಾನೆ ಅಂತ ಎಲ್ರೂ ಹೇಳ್ತಾರಲ್ಲ, ಅದನ್ನೂ ಮಾಡಿದ್ದಾಯ್ತು, ಕ್ಲಾಸ್ ಲೀಡರ್ ಮಾಡಿದ್ವಿ. ಮೂರೇ ದಿನಕ್ಕೆ ಚಿಕ್ಕ ಹುಡುಗರ ಹತ್ರ ಬ್ಯಾಗ್ ಹೊರಿಸ್ತಿದ್ದ, ಬೋರ್ಡ್ ಮೇಲೆ ಮಾತಾಡಿದವರ ಹೆಸರು ಬರೀತೀನಿ ಅಂತ ಹೆದರಿಸಿ ಚಾಕಲೇಟ್ ವಸೂಲಿ. ವಾರಕ್ಕೆ ವಾಪಸ್ ತಗೊಂಡ್ವಿ. ಎಲ್ಲಾ ಮಕ್ಕಳಿಗೂ ಒಂದೇ ಔಷಧಿ ಇಲ್ಲ.

ಈ ಸ್ವಿಚ್ಚಿನ ಒಂದು ದೊಡ್ಡ ದೋಷ, ಇದಕ್ಕೆ ಲೈಟ್ ಇಲ್ಲ. ಆನ್ ಇದ್ಯೋ ಆಫ್ ಇದ್ಯೋ ಬೆರಳಲ್ಲೇ ತಡವಿ ನೋಡ್ಬೇಕು. ಸ್ಟಾಫ್‌ರೂಮಿಗೆ ಹಾಗೇ ಬಂದು "ಎಚ್ಚೆಮ್ ಮೂಡ್ ಇವತ್ತು ಸರಿ ಇಲ್ಲ ಕಣ್ರೀ" ಅಂತ ಕಾರಿಡಾರಿಗೆಲ್ಲಾ ಕೇಳೋ ಹಾಗೆ ಹೇಳಿದ್ದು ತಮಾಷೆ, ಎಚ್ಚೆಮ್ಮೂ ನಕ್ರು. ಆದ್ರೆ ಅಕ್ಟೋಬರಲ್ಲಿ, ದಸರಾ ರಜೆ ಮುಗಿದು ಬಂದ ಮೇಲೆ, ಸಾಹೇಬ ಹೋಂವರ್ಕ್ ತಂದಿರ್ಲಿಲ್ಲ, ನಂಗೆ ಆವತ್ತು ಮನೆ ಟೆನ್ಷನ್, ಆಫ್ ಆಗಿದೆ ಅನ್ಕೊಂಡು ಬಗ್ಗಿ "ನಿಮ್ಮಪ್ಪನ ದುಡ್ಡಿಲ್ದಿದ್ರೆ ನಿನ್ನ ಯಾರೋ ಮೂಸ್ತಿದ್ರು" ಅಂದ್ಬಿಟ್ಟೆ. ಆನ್ ಇತ್ತು. ಪೂರ್ತಿ ಕೇಳ್ತು. ಯಾರೂ ನಗಲಿಲ್ಲ, ಅದೇ ಕೆಟ್ಟದ್ದು. ಅವನ ಕಿವಿ ಕೆಂಪಾಗೋದು ನಾನು ಮೊದಲ ಸಲ ನೋಡಿದ್ದು.

ಆವತ್ತು ರಾತ್ರಿ ಯೋಚ್ನೆ ಮಾಡ್ದೆ, ಆಫ್ ಇದ್ದಿದ್ರೂ ಆ ಮಾತು ಸರಿ ಇತ್ತಾ? ಇಲ್ಲ. ಮಾರನೇ ದಿನ ಮೈಕ್ ಆನ್ ಮಾಡಿಯೇ ಹೇಳ್ದೆ, ನಿನ್ನೆ ನಾನು ಆಡಿದ ಮಾತು ತಪ್ಪು, ಎಲ್ರ ಮುಂದೆ ಆಡಿದ್ದು, ಎಲ್ರ ಮುಂದೇನೇ ಸಾರಿ ಕೇಳ್ತೀನಿ ಅಂತ. ಒಂದಿಬ್ರು ಸೀನಿಯರ್ ಸರ್‌ಗಳು "ಏನ್ ಮೇಡಂ, ತಲೆ ಮೇಲೆ ಕೂರಿಸ್ಕೊಳ್ತೀರಿ" ಅಂದ್ರು. ಕೂರ್ಲಿಲ್ಲ, ಇದುವರೆಗೂ.

ಅವರಪ್ಪನ್ನೂ ಕರೆಸಿದ್ವಿ ಅದಕ್ಕೂ ಮುಂಚೆ ಒಂದ್ಸಲ, ಬಿಳಿ ಶರ್ಟಲ್ಲಿ ಬಂದು ಕೂತು "ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಬಾರ್ಸಿ ಮೇಡಂ, ನಾನು ಕೇಳಲ್ಲ" ಅಂದ್ರು. ಎಲ್ಲಾ ಅಪ್ಪಂದಿರೂ ಇದನ್ನೇ ಹೇಳೋದು, ಬಾರ್ಸಿದ ಮಾರನೇ ದಿನ ಬಂದು ಕೇಳೋರೂ ಅವರೇ. ಆರ್‌ಟಿಇ ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿ, ಅದರ 17ನೇ ಸೆಕ್ಷನ್ ಪ್ರಕಾರ ದೈಹಿಕ ಶಿಕ್ಷೆ ಇಲ್ಲ, ಮಾನಸಿಕ ಕಿರುಕುಳ ಕೂಡ ಇಲ್ಲ. ನಾವು ಸ್ಟಾಫ್‌ರೂಮಲ್ಲಿ ಮೊದಲರ್ಧ ಮಾತ್ರ ಹೇಳ್ಕೊಂಡು "ಕೈ ಕಟ್ಟಿ ಹಾಕಿದಾರೆ" ಅಂತ ಗೋಳಾಡ್ತೀವಿ, ಎರಡನೇ ಅರ್ಧ ಬಾಯಿಗೆ ಸಂಬಂಧಿಸಿದ್ದು. ಮೈಕ್ ಹಾಕ್ಕೊಂಡು ಒಬ್ಬ ಹುಡುಗನ ಮರ್ಯಾದೆ ತೆಗೆಯೋದು ಯಾವ ಅರ್ಧದಲ್ಲಿ ಬರುತ್ತೆ ಅಂತ ನೀವೇ ನೋಡ್ಕೊಳ್ಳಿ. ನಾನೂ ಸರ್ವೀಸಿನ ಮೊದಲ ವರ್ಷಗಳಲ್ಲಿ ಕೋಲು ಹಿಡಿದಿದೀನಿ, ಮುಚ್ಚಿಡಲ್ಲ, ಕೋಲು ಕಂಡ್ರೆ ಸುಮ್ನಾಗೋರು ಕೋಲಿಲ್ದೆಯೂ ಸುಮ್ನಾಗೋರೇ ಆಗಿದ್ರು, ಸಾಹೇಬನಂಥೋರು ಏಟು ತಿಂದು ಹೋಗಿ ಬೆಂಚಲ್ಲಿ ಕೂತು ನಗೋರು.

ಸರ್ವೀಸ್ ಬಗ್ಗೆ. ನವೆಂಬರಲ್ಲಿ ಮೈಕಿನ ವೈರು ಕುತ್ತಿಗೆ ಹತ್ರ ಒಳಗೇ ಕಟ್ ಆಯ್ತು, ತಲೆ ಎಡಕ್ಕೆ ತಿರುಗ್ಸಿದ್ರೆ ಬರುತ್ತೆ ಬಲಕ್ಕೆ ತಿರುಗ್ಸಿದ್ರೆ ಹೋಗುತ್ತೆ, ಒಂದು ವಾರ ಕುತ್ತಿಗೆ ನೋವಿರೋಳ ತರ ಪಾಠ ಮಾಡ್ದೆ. ಆರು ತಿಂಗಳು ವಾರಂಟಿ ಅಂತ ಬರೆದಿದೆ, ಕಸ್ಟಮರ್ ಕೇರಿಗೆ ನಾಲ್ಕು ಸಲ ಫೋನು, ಮೂರು ಸಲ ಹಿಂದೀಲಿ ಮಾತಾಡಿ ಕಟ್ ಮಾಡಿದ್ರು, ನಾಲ್ಕನೇ ಸಲ ಸಿಕ್ಕ ಹುಡುಗಿ ಪಾಪ ಕನ್ನಡದಲ್ಲೇ "ಮೇಡಂ ವಾರಂಟಿ ಸ್ಪೀಕರಿಗೆ ಮಾತ್ರ, ಹೆಡ್‌ಸೆಟ್ ಆಕ್ಸೆಸರಿ ಆಗುತ್ತೆ" ಅಂದ್ಲು. ಮೈಕ್ ಇಲ್ದೆ ಸ್ಪೀಕರ್ ಇಟ್ಕೊಂಡು ನಾನೇನು ಮಾಡ್ಲಿ ಅಂದೆ, ಎಫ್‌ಎಂ ಕೇಳ್ಬೋದು ಮೇಡಂ ಅನ್ಲಿಲ್ಲ, ಅಷ್ಟು ಪುಣ್ಯ. ಕೊನೆಗೆ ನಮ್ಮೂರಲ್ಲಿ ರೇಡಿಯೋ ಟಿವಿ ರಿಪೇರಿ ಮಾಡೋರು ನಲವತ್ತು ರೂಪಾಯಿಗೆ ಬೆಸುಗೆ ಹಾಕಿ ಕೊಟ್ರು, ಸ್ವಿಚ್ಚಿಗೆ ಕೆಂಪು ನೇಲ್‌ಪಾಲಿಶ್ ಚುಕ್ಕೆ ಇಡಿ ಮೇಡಂ, ಚುಕ್ಕೆ ಕಂಡ್ರೆ ಆನ್ ಅಂತ ಅವರೇ ಐಡಿಯಾನೂ ಕೊಟ್ರು. ಕಂಪನಿಯ ಇಂಜಿನಿಯರ್‌ಗೆ ಹೊಳೀದೇ ಇದ್ದಿದ್ದು.

ಬ್ಯಾಟರಿ ಮೊದಲ ತಿಂಗಳು ಐದು ಪೀರಿಯಡ್ ಆರಾಮಾಗಿ ಬರ್ತಿತ್ತು, ಈಗ ಮೂರಕ್ಕೆ ಸುಸ್ತು. ಇಂಟರ್‌ವಲ್ಲಲ್ಲಿ ಚಾರ್ಜಿಗೆ ಹಾಕ್ಬೇಕು, ಕರೆಂಟ್ ಇದ್ರೆ. ಮಳೆ ಬಂದು ಶೀಟಿನ ಮೇಲೆ ಬಡಿದ್ರೆ ಈ ಮೈಕೂ ಕೈ ಎತ್ತುತ್ತೆ, ಆಗ ಓದ್ಕೊಳ್ಳಿ ಅಂತ ಹೇಳಿ ಸುಮ್ನೆ ಓಡಾಡ್ತೀನಿ. ಗಂಟಲು? ಡಾಕ್ಟ್ರು ಮೊನ್ನೆ ಮತ್ತೆ ನೋಡಿ ಗಂಟು ಚಿಕ್ಕದಾಗಿದೆ ಅಂದ್ರು.

ತಗೊಳ್ಳೋರಿಗೆ ಇಷ್ಟೇ ಹೇಳೋದು, ವೈರಲ್ಲಿ ಸ್ವಿಚ್ ಇಲ್ಲದ ಮಾಡೆಲ್ ತಗೋಬೇಡಿ, ವ್ಯಾಟು ಗೀಟು ಅಂತ ತಲೆ ಕೆಡಿಸ್ಕೋಬೇಡಿ, ಹೆಡ್‌ಸೆಟ್ ಬೇರೆ ಸಿಗುತ್ತಾ ಅಂತ ಮೊದ್ಲೇ ಕೇಳಿ. ಇಪ್ಪತ್ತೈದು ಮೂವತ್ತು ಮಕ್ಕಳ ಕ್ಲಾಸ್ ಇರೋ ಪುಣ್ಯವಂತರಿಗೆ ಇದು ಬೇಡ, ಎದ್ದು ಓಡಾಡಿ ಸಾಕು. ಐದಕ್ಕೆ ಮೂರೂವರೆ ಸ್ಟಾರ್, ಅರ್ಧ ಸ್ಟಾರು ರಿಪೇರಿ ಅಂಗಡಿಯವರದ್ದು.

ಸಾಹೇಬ ಬದಲಾದ್ನಾ ಅಂತ ಕೇಳ್ತೀರಿ, ಇಲ್ಲ. ಮೊನ್ನೆ ಗುರುವಾರ ಮತ್ತೆ ಬೆಂಚ್ ಮೇಲೆ ಕಾಲು. ಹತ್ರ ಹೋದೆ, ಬಗ್ಗಿದೆ, ಬಾಯಿ ತೆಗೆಯೋದ್ರೊಳಗೆ ಅವನೇ ನನ್ನ ಎದೆ ಹತ್ರ ಇದ್ದ ಕೆಂಪು ಚುಕ್ಕೆಗೆ ಬೆರಳು ತೋರಿಸಿ "ಮೇಡಂ, ಮೊದ್ಲು ಅದನ್ನ ಆಫ್ ಮಾಡಿ" ಅಂದ. ಆಫ್ ಮಾಡ್ದೆ. ಒಂದು ಕಾಲು ಇಳ್ಸಿದ.